ಒಂದನೇ ಜವರ, ಎರಡನೇ ಜವರ

ಜವರನ ಪಾತ್ರ ಯಾರಿಗೂ ಬೇಡವಾಗಿತ್ತು. ಸಂಕ್ರಾಂತಿ ಕಳೆದ ಮೊದಲ ಮಂಗಳವಾರ, ಪಾಂಡವಪುರದ ಹೊರಗಿನ ಒಂದು ಆಲೆಮನೆಯಲ್ಲಿ ನಾಟಕದ ಪ್ರತಿಗಳನ್ನು ಹಂಚಿದ ದಿನವೇ ನನಗೆ ಅದು ಗೊತ್ತಾಯಿತು. ಒಲೆ ಒಡೆದು ಹೊಸದಾಗಿ ಕಟ್ಟಿಸುತ್ತಿದ್ದುದರಿಂದ ಆ ಆಲೆ ನಿಂತಿತ್ತು. ಬೆಲ್ಲದ ವಾಸನೆ ಮಾತ್ರ ನಿಂತಿರಲಿಲ್ಲ. ಕೆಳಗಿಟ್ಟ ಪ್ರತಿಗಳ ಮೇಲೆ ಇರುವೆ ಸಾಲುಗಟ್ಟಿದವು. ಓದಿ ಮುಗಿಸಿದ ಪ್ರತಿಯೊಬ್ಬರೂ ಇರುವೆ ಕೊಡವಿ ಒಂದೇ ಮಾತು ಹೇಳಿದರು: "ನಂಜನ ಪಾತ್ರ ನಂಗೇ ಇರ್ಲಿ ಮೇಡಂ."

ನಂಜ, ಜವರ ಇಬ್ಬರೂ ಒಂದು ಕಾದಂಬರಿಯ ಹುಡುಗರು. ಪಾಂಡವಪುರದ ಓದುಗರ ಬಳಗವೊಂದು ಆ ಕಾದಂಬರಿಯನ್ನು ಆರಿಸಿ, ಎರಡು ಗಂಟೆಯ ನಾಟಕ ಮಾಡಿಕೊಡಿ ಎಂದು ನನ್ನನ್ನು ಕೇಳಿತ್ತು. ಬೇರೆಯವರ ಕೈಕೆಳಗೆ ಕೆಲಸ ಮಾಡಿದ್ದೆನೇ ಹೊರತು, ನಾನೊಬ್ಬಳೇ ಹೊಣೆ ಹೊತ್ತ ಮೊದಲ ನಾಟಕ ಇದು. ಪ್ರದರ್ಶನಕ್ಕೆ ಶಿವರಾತ್ರಿಯ ಹಿಂದಿನ ಭಾನುವಾರ, ಕೆ.ಆರ್. ಪೇಟೆ ಕಡೆಯ ಒಂದು ಹೈಸ್ಕೂಲಿನ ಮೈದಾನ ಗೊತ್ತಾಗಿತ್ತು.

ಕಥೆ ಎರಡನೇ ಮಹಾಯುದ್ಧದ ಕಾಲದ್ದು. ಹೇಮಾವತಿ ದಡದ ಒಂದು ಊರು. ನಂಜ ತುಂಬಿದ ಹೊಳೆ ಈಜುತ್ತಾನೆ, ಪದ ಹೇಳುತ್ತಾನೆ, ಹೆಗಲ ಮೇಲೆ ಕೆಂಪು ಟವೆಲ್ಲು ಹಾಕಿಕೊಂಡು ಅವನು ಬಂದರೆ ಊರಿಗೆ ಊರೇ ಹಗುರವಾಗುತ್ತದೆ. ಜವರ ಅವನ ಪ್ರಾಣಸ್ನೇಹಿತ. ನಂಜನನ್ನು ಬಿಟ್ಟು ಒಂದು ಗಳಿಗೆ ಇರಲಾರ, ನಂಜನನ್ನು ಎಲ್ಲರೂ ಹೊಗಳುವಾಗ ಅಲ್ಲಿ ನಿಲ್ಲಲಾರ. ಪಲ್ಟನ್ನಿಗೆ ಆಳು ಸೇರಿಸಲು ಸುಬೇದಾರ ಊರಿಗೆ ಬರುತ್ತಾನೆ. ಹದಿನಾರರ ನಂಜ ತಮಾಷೆಗೆ ಸಾಲಿನಲ್ಲಿ ನಿಲ್ಲುತ್ತಾನೆ. ವಯಸ್ಸೆಷ್ಟು ಎಂದು ಸುಬೇದಾರ ಪಕ್ಕದಲ್ಲಿದ್ದ ಜವರನನ್ನು ಕೇಳುತ್ತಾನೆ. "ಹದಿನೆಂಟು ತುಂಬೈತೆ ಸ್ವಾಮಿ" ಅನ್ನುತ್ತಾನೆ ಜವರ. ಗೆಳೆಯ ತನಗೆ ಉಪಕಾರ ಮಾಡಿದನೆಂದೇ ತಿಳಿದು ನಂಜ ನಗುತ್ತಾ ಹೊರಡುತ್ತಾನೆ. ವರ್ಷಗಳ ಮೇಲೆ ಹಿಂತಿರುಗಿದಾಗ, ಗುಂಡು ಸಿಡಿದ ಸದ್ದಿಗೆ ಅವನ ಎರಡೂ ಕಿವಿ ಹೋಗಿರುತ್ತವೆ. ಹೊಳೆಯ ಮೆಟ್ಟಿಲ ಮೇಲೆ ಕೂತು ಜವರ ನಿಜ ಹೇಳುತ್ತಾನೆ. ನಂಜನಿಗೆ ಕೇಳುವುದಿಲ್ಲ.

ನಾಟಕ ಆಡಲು ಒಪ್ಪಿದ್ದು ಹಾರ್ಮೋನಿಯಂ ಮೇಷ್ಟ್ರೊಬ್ಬರ ತಂಡ. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ನಮ್ಮ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಲೇ ಅವರ ಆಯಸ್ಸು ಕಳೆದಿದೆ. ಎರಡು ಗಂಟೆ ಎಂದು ನಾನು ಹೇಳಿದಾಗ ಅವರು ಹಾರ್ಮೋನಿಯಂ ಪೆಟ್ಟಿಗೆಯ ತಿದಿ ಒತ್ತುವುದನ್ನೇ ನಿಲ್ಲಿಸಿದರು.

"ಎರಡು ಗಂಟೆಯಾ? ನಮ್ಮಲ್ಲಿ ಎರಡು ಗಂಟೇಲಿ ಗಣಪತಿ ಪ್ರಾರ್ಥನೆನೇ ಮುಗಿಯಾಕಿಲ್ಲ ಕಣ್ ಮಗ."

ಅಂದೇ ನಾನು ಮೂರು ನಿಯಮ ಹೇಳಿದೆ. ಯಾರು ಕೂಗಿದರೂ ಒನ್ಸ್ ಮೋರ್ ಇಲ್ಲ. ನಾಟಕ ನಡೆಯುವಾಗ ನೆಂಟರಿಷ್ಟರು ರಂಗದ ಮೇಲೆ ಹತ್ತಿ ಹಾರ ಹಾಕುವಂತಿಲ್ಲ. ಒಂದು ಪಾತ್ರಕ್ಕೆ ಒಬ್ಬರೇ. ಈ ಮೂರನೆಯದನ್ನು ಬೇರೆ ಕಡೆಯವರಿಗೆ ವಿವರಿಸಬೇಕು. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ದೊಡ್ಡ ಪಾತ್ರವೊಂದನ್ನು ಇಬ್ಬರು ಮೂವರು ಹಂಚಿಕೊಂಡು ಆಡುತ್ತಾರೆ. ಅರ್ಧ ಕಥೆಯವರೆಗೆ ಒಂದನೇ ರಾಜ, ಅಲ್ಲಿಂದಾಚೆ ಎರಡನೇ ರಾಜ. ಆಸೆಪಟ್ಟವರಿಗೆಲ್ಲ ಕಿರೀಟ ಸಿಗಲೆಂದು ಬಂದ ಪದ್ಧತಿ ಅದು. ಒಬ್ಬ ರಾಜ ದಪ್ಪಗೆ ಒಳಗೆ ಹೋಗಿ ತೆಳ್ಳಗೆ ಹೊರಗೆ ಬಂದರೂ ಜನ ಕಣ್ಣು ಮಿಟುಕಿಸುವುದಿಲ್ಲ. ನನಗೆ ಮಾತ್ರ ಅದು ನಾಟಕದ ಮರ್ಯಾದೆ ಕಳೆಯುವ ಅಭ್ಯಾಸ ಅನ್ನಿಸಿತ್ತು.

ಮೇಷ್ಟ್ರು ಮೂರನ್ನೂ ಕೇಳಿಸಿಕೊಂಡರು. "ಆಯ್ತು ಬುಡು, ನೋಡಾನ" ಅಂದರು. ಹಿರಿಯರು ಹಾಗೆ ಅಂದರೆ ಆಗುವುದಿಲ್ಲ ಎಂದರ್ಥ ಎಂಬುದು ಆಮೇಲೆ ತಿಳಿಯಿತು.

ನಂಜನ ಪಾತ್ರಕ್ಕೆ ಕೊನೆಗೆ ಉಳಿದವರು ಇಬ್ಬರು. ಒಬ್ಬರು ಕೆ.ಆರ್. ಪೇಟೆ ಕಡೆಯ ಹಳ್ಳಿಯ ಹಾಲಿನ ಡೇರಿಯ ಕಾರ್ಯದರ್ಶಿ, ಎಲ್ಲರ ಬಾಯಲ್ಲಿ ಗೌಡರು. ಇನ್ನೊಬ್ಬರು ನಾಗಮಂಗಲದ ಬಡಗಿ, ಎಲ್ಲರ ಬಾಯಲ್ಲಿ ಆಚಾರಿ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು, ಇಬ್ಬರಿಗೂ ಮೂವತ್ತು ದಾಟಿದೆ, ಇಬ್ಬರಿಗೂ ರಾಜಠೀವಿಯ ಮೀಸೆ. ನಾಟಕದ ತಾಲೀಮಿಗೆ ಒಂದೇ ಬೈಕಿನಲ್ಲಿ ಬರುತ್ತಿದ್ದರು. ಗೌಡರ ಕಂಠ ಬಾಗಿಲಾಚೆಯ ರಸ್ತೆಯಲ್ಲಿ ಹೋಗುವವರನ್ನೂ ನಿಲ್ಲಿಸುತ್ತಿತ್ತು. ಆಚಾರಿ ಸುಮ್ಮನೆ ನಿಂತರೆ ಅವರ ಮುಖದಲ್ಲಿ ಏನೋ ನಡೆಯುತ್ತಿರುವುದು ಕಾಣುತ್ತಿತ್ತು. ಗೌಡರಿಗೆ ನಂಜ, ಆಚಾರಿಗೆ ಜವರ ಎಂದು ನಾನು ಬರೆದುಕೊಂಡೆ. ಇವತ್ತಿಗೂ ಲೆಕ್ಕದ ಪ್ರಕಾರ ಅದು ಸರಿಯೇ.

ಆಚಾರಿ ಎದುರು ಮಾತಾಡಲಿಲ್ಲ. "ನೀವೇಳ್ದಂಗೆ" ಅಂದರು. ಮರುದಿನದಿಂದ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಬಂದರು.

ಮೊದಲ ವಾರಗಳ ಕೆಲಸ ಚೆನ್ನಾಗಿಯೇ ನಡೆಯಿತು. ಕಾದಂಬರಿಯ ಪ್ರತಿ ಅಧ್ಯಾಯವನ್ನೂ ಒಂದೊಂದು ರಟ್ಟಿನ ಮೇಲೆ ಬರೆದು, ಆಲೆಮನೆಯ ತೊಲೆಯಿಂದ ತೊಲೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದೆ. ಬೇಡವಾದ ರಟ್ಟು ಇಳಿಯುತ್ತಿತ್ತು, ಉಳಿದವು ಹತ್ತಿರ ಸರಿಯುತ್ತಿದ್ದವು. ಹೊಳೆಯ ಮೆಟ್ಟಿಲನ್ನು ಆಚಾರಿ ನೀಲಗಿರಿ ಹಲಗೆಯಲ್ಲಿ ಮಾಡಿ, ಕಿರುಗುಟ್ಟದಿರಲೆಂದು ಹಲಗೆಗಳ ನಡುವೆ ಗೋಣಿಚೀಲದ ಪಟ್ಟಿ ಸೇರಿಸಿದರು. ನಂಜ ಊರು ಬಿಡುವಾಗ ಹೇಳುವ ಪದಕ್ಕೆ ಮೇಷ್ಟ್ರು ಮಟ್ಟು ಕೂರಿಸಿದರು. ಜವರನ "ಹದಿನೆಂಟು ತುಂಬೈತೆ ಸ್ವಾಮಿ" ಎಂಬ ಮಾತೇ ಆ ಪದದ ಎತ್ತುಗಡೆ. ಆ ಮಾತು ಬಿದ್ದ ತಕ್ಷಣ ಪೆಟ್ಟಿಗೆ ನುಡಿಯಬೇಕು, ನಂಜ ಹಾಡುತ್ತಾ ಹೊರಡಬೇಕು.

ಕೆಟ್ಟದ್ದು ಅಲ್ಲೇ. ಜನರ ಮುಂದೆ ಒಂದು ಸಲ ಆಡಿ ನೋಡೋಣವೆಂದು ಗೌಡರ ಊರಿನ ಡೇರಿಯ ಅಂಗಳಕ್ಕೆ ಹೋದೆವು. ಬೆಳಗಿನ ಹಾಲು ಹಾಕಿ ಮುಗಿಸಿದವರೆಲ್ಲ ಕ್ಯಾನು ಪಕ್ಕಕ್ಕಿಟ್ಟು ಕೂತರು. ಜವರ ಸುಳ್ಳು ಹೇಳಿದ, ಪೆಟ್ಟಿಗೆ ನುಡಿಯಿತು, ಗೌಡರು ಹಾಡಿದರು. ಕೈಚಪ್ಪಾಳೆಗೆ ಬದಲು ಜನ ಕ್ಯಾನು ಬಡಿದರು. "ಒನ್ಸ್ ಮೋರ್!" ಎಂದು ಹಿಂದಿನಿಂದ ಕೂಗು ಬಂತು. ನಾನು ಮೇಷ್ಟ್ರತ್ತ ಬೇಡವೆಂದು ತಲೆಯಾಡಿಸಿದೆ. ಅವರು ನನ್ನತ್ತ ನೋಡಲೇ ಇಲ್ಲ, ಆಚಾರಿಗೆ ಎತ್ತುಗಡೆ ಕೊಡು ಎಂದು ಗಲ್ಲ ಎತ್ತಿದರು. ಆಚಾರಿ ಮತ್ತೆ ಹೇಳಿದರು: "ಹದಿನೆಂಟು ತುಂಬೈತೆ ಸ್ವಾಮಿ." ಯುದ್ಧಕ್ಕೆ ಹೋಗಿದ್ದ ನಂಜ ಹಿಂದೆ ಬಂದು ಮತ್ತೆ ಯುದ್ಧಕ್ಕೆ ಹೋದ. ಈ ನಡುವೆ ಗೌಡರ ಭಾವಮೈದನೊಬ್ಬ ಮೇಲೆ ಬಂದು ಹಾರ ಹಾಕಿದ. ಮತ್ತೆ ಒನ್ಸ್ ಮೋರ್. ಮೂರನೇ ಸಲಕ್ಕೆ ಮೇಷ್ಟ್ರು ಗಲ್ಲ ಎತ್ತಿದಾಗ ಆಚಾರಿ ಮಾತಾಡಲಿಲ್ಲ. ನೇರ ಕೆಳಗಿಳಿದು ಬಂದರು.

"ಮೇಷ್ಟ್ರೇ, ಪದ ಇನ್ನೊಂದ್ಸತಿ ಬೇಕು ಅಂದ್ರೆ ಪದ ಹೇಳ್ಸಿ. ನನ್ ಕೈಲಿ ಯಾಕೆ ಸುಳ್ಳು ಹೇಳುಸ್ತೀರಿ?"

"ಎತ್ತುಗಡೆ ಅಲ್ಲೇ ಅಲ್ವೇನ್ಲಾ ಇರಾದು? ನೀನು ಮಾತು ಬುಟ್ರೆ ತಾನೆ ನಾನು ಪೆಟ್ಟಿಗೆ ಒತ್ತಾದು."

"ಒಂದ್ಸತಿ ಹೇಳುದ್ರೆ ಏನೋ ಹೊಟ್ಟೆಕಿಚ್ಚು ಅನ್ಬೋದು. ಮೂರು ಸತಿ ಹೇಳುದ್ರೆ ನಾನೇನು ಮನುಷ್ಯನಾ?"

ಗೌಡರು ಕೊರಳ ತುಂಬ ಹಾರ ಹಾಕಿಕೊಂಡೇ ನಗುತ್ತಿದ್ದರು. "ಲೇ ಆಚಾರಿ, ಜನ ಕೇಳುದ್ರು, ನಾನು ಹೇಳ್ದೆ. ನಿಂಗ್ಯಾಕ್ಲಾ ಉರಿ?"

"ಪಾತ್ರಕ್ಕೆ ಉರಿ ಬೇಕು ಅಂತ ಮೇಡಮ್ಮೋರೇ ಹೇಳವ್ರೆ. ಅದ್ಕೇ ಉರೀತಾ ಇವ್ನಿ" ಎಂದ ಆಚಾರಿ ಪ್ರತಿಯನ್ನು ಪೆಟ್ಟಿಗೆಯ ಮೇಲಿಟ್ಟು, ಬೈಕು ಒದ್ದು ಹೊರಟುಹೋದರು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗೌಡರು, "ಅವ್ನ್ ಬುಡಿ ಮೇಡಂ, ಇನ್ನೊಬ್ಬನ್ನ ಹುಡುಕಿ" ಅಂದರು. ಹುಡುಕಿದೆ. ಒಬ್ಬರಿಗೆ ಕಬ್ಬು ಕಡಿಸುವ ಕೆಲಸ, ಒಬ್ಬರಿಗೆ ಗಂಟಲು ಕಟ್ಟಿದೆ. ಶ್ರೀರಂಗಪಟ್ಟಣದ ನಮ್ಮ ಬೀದಿಯ ಒಬ್ಬ ಹುಡುಗ ಒಪ್ಪಿದ. ಸಂಜೆ ಅವನ ತಾಯಿ ಫೋನು ಮಾಡಿದರು.

"ಅವ್ನಿಗೆ ಹೆಣ್ಣು ನೋಡ್ತಾ ಇದೀವಿ ಕಣಮ್ಮ. ಫ್ರೆಂಡ್ ಮೇಲೆ ಹೊಟ್ಟೆಕಿಚ್ಚು ಪಡೋ ಪಾತ್ರ ಅಂತ ಗೊತ್ತಾದ್ರೆ ಯಾರು ಕೊಡ್ತಾರೆ? ರಾಕ್ಷಸನ ಪಾತ್ರ ಇದ್ರೆ ಹೇಳು, ಕಳಿಸ್ತೀನಿ."

ಫೋನಿಟ್ಟ ಮೇಲೆ ನಗು ಬಂತು. ಆಮೇಲೆ ಭಯವಾಯಿತು. ಜವರನಿಲ್ಲದೆ ನಾಟಕವೇ ಇಲ್ಲ. ಅದಕ್ಕಿಂತ ಹೆಚ್ಚಿಗೆ ನನ್ನನ್ನು ಕೊರೆಯುತ್ತಿದ್ದುದು ಬೇರೆ. ಒಂದೇ ಬೈಕಿನಲ್ಲಿ ಬಂದ ಇಬ್ಬರು ಗೆಳೆಯರನ್ನು ನಾನು ಎರಡು ಬೈಕಿಗೆ ಹತ್ತಿಸಿದ್ದೆ. ಗೌಡರು ತಾಲೀಮಿಗೆ ಎಲ್ಲರಿಗಿಂತ ಮುಂಚೆ ಬರತೊಡಗಿದ್ದರು. ಹಾಡುತ್ತಿದ್ದರು, ಆದರೆ ಮಧ್ಯೆ ಮಧ್ಯೆ ನಿಲ್ಲಿಸಿ ರಸ್ತೆಯ ಕಡೆ ಕಿವಿ ಕೊಡುತ್ತಿದ್ದರು. ಒಂದು ಸಂಜೆ ಹೊರಗೆ ಬೈಕು ನಿಂತ ಸದ್ದಾಯಿತು. ನಾನು ಎದ್ದೆ.

"ಕೂತ್ಕೊಳಿ ಮೇಡಂ" ಅಂದರು ಗೌಡರು. "ಅವ್ನ ಗಾಡಿ ಸೌಂಡು ನಂಗೊತ್ತು. ಅದಲ್ಲ."

ಮರುದಿನ ಬೆಳಗ್ಗೆ ನಾಗಮಂಗಲದ ಬಸ್ಸು ಹತ್ತಿದೆ.

ಆಚಾರಿಯ ಕೆಲಸದ ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇತ್ತು. ಅವರು ತೊಟ್ಟಿಲಿನ ಕಾಲಿಗೆ ಉಜ್ಜುಕಾಗದ ಹಾಕುತ್ತಿದ್ದರು. ಬಾಗಿಲಲ್ಲಿ ಅವರ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನವ್ವ ನನ್ನ ಮಗನ್ನ ಕೆಟ್ಟೋನ ಮಾಡಿರಾಳು?"

"ಜವರ ಕೆಟ್ಟೋನಲ್ಲ ಅಮ್ಮ, ಅವನು ಪಾಪದವನು" ಅಂದೆ.

"ಪಾಪದೋನೋ, ಪಾಪ ಮಾಡ್ದೋನೋ, ಎಂಗೋ. ಬಾ, ಒಂದು ಹಿಡಿ ಸುಲಿ. ಕಾಫಿ ಕಾಯುಸ್ತೀನಿ."

ಅವರು ಒಳಗೆ ಹೋದರು. ನಾನು ಅವರೆಕಾಯಿ ಸುಲಿಯತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಆಚಾರಿಯೇ ಮಾತೆತ್ತಿದರು, ಕೈ ನಿಲ್ಲಿಸದೆ.

"ಇಸ್ಕೂಲಿಂದ್ಲೂ ಇಂಗೇಯ ಮೇಡಂ. ಕ್ಲಾಸ್ನಾಗೆ ಗೌಡ ನಕ್ರೆ ಮೇಷ್ಟ್ರೂ ನಗೋರು. ನಾನು ನಕ್ರೆ ಬೆಂಚಿನ್ ಮ್ಯಾಲೆ ನಿಲ್ಲುಸೋರು. ಅವ್ನ ಮ್ಯಾಲೆ ನಂಗೆ ಕ್ವಾಪ ಇಲ್ಲ. ನಮ್ಮಪ್ಪ ಆಸ್ಪತ್ರೇಲಿದ್ದಾಗ ನಮ್ಮವ್ವನ ಜೊತೆ ಕೂತಿದ್ದೋನು ಅವ್ನೇಯ. ಆದ್ರೂ ಒಂದೇ ಒಂದ್ಸತಿ ನಾನೂ ಅವ್ನಾಗ್ಬೇಕು ಅನ್ನುಸ್ತದೆ. ಅಷ್ಟೇಯ."

ಜವರನಿಗೆ ನಾನು ಪುಟಗಟ್ಟಲೆ ಮಾತು ಬರೆದಿದ್ದೆ. ಈ ಮಾತು ಅದರಲ್ಲಿ ಇರಲಿಲ್ಲ. ತಲೆ ಎತ್ತಿದಾಗ ಉಪಕರಣಗಳ ಬೀರುವಿನ ಬಾಗಿಲು ಕಂಡಿತು. ಅದರ ಮೇಲೆ ಹಳೆಯ ನಾಟಕದ ಪೋಸ್ಟರು. ಕಿರೀಟ ತೊಟ್ಟ ಸಣ್ಣ ಸಣ್ಣ ಮುಖಗಳ ಸಾಲಿನಲ್ಲಿ ಗೌಡರೂ ಆಚಾರಿಯೂ ಪಕ್ಕಪಕ್ಕ ಇದ್ದರು. ಒಬ್ಬರ ಕೆಳಗೆ "೧ನೇ ರಾಜ", ಇನ್ನೊಬ್ಬರ ಕೆಳಗೆ "೨ನೇ ರಾಜ". ಒಂದೇ ಕಿರೀಟ, ಒಂದೇ ಹಾರ, ಎರಡು ಮೀಸೆ.

ಎಷ್ಟೋ ಊರಿನ ಗೋಡೆಗಳ ಮೇಲೆ ಇಂಥ ಪೋಸ್ಟರು ನೋಡಿ ನಕ್ಕಿದ್ದೇನೆ. ಅಂದು ನಗಲಿಲ್ಲ. ಅವನಾಗಬೇಕು ಎಂಬ ಆಸೆಗೆ ನಮ್ಮ ಊರಿನವರು ಯಾವತ್ತೋ ಒಂದು ದಾರಿ ಮಾಡಿಟ್ಟಿದ್ದರು. ಬೇಡವೆಂದು ನಿಯಮ ಮಾಡಿದ್ದವಳು ನಾನು.

"ಆಚಾರ್ರೇ, ಯುದ್ಧಕ್ಕೆ ಹೋಗುವವರೆಗೆ ಗೌಡ್ರು ನಂಜ, ನೀವು ಜವರ. ಯುದ್ಧದಿಂದ ಬಂದ ಮೇಲೆ ನೀವು ನಂಜ, ಗೌಡ್ರು ಜವರ."

ಉಜ್ಜುಕಾಗದ ನಿಂತಿತು. "ಜನಕ್ಕೆ ತಿಳೀಬೇಕಲ್ಲ ಮೇಡಂ? ಪೌರಾಣಿಕದಲ್ಲಾದ್ರೆ ಕಿರೀಟ ಇರ್ತದೆ."

"ಇಲ್ಲಿ ನಂಜನ ಕೆಂಪು ಟವೆಲ್ಲು ಇದೆ."

ಕಾಫಿ ತಂದ ತಾಯಿ ಬಾಗಿಲಲ್ಲೇ ತೀರ್ಪು ಕೊಟ್ಟರು. "ಟವೆಲ್ ಹಾಕಿರಾನು ನಂಜ. ಇದೇನು ಬ್ರಹ್ಮವಿದ್ಯೆಯಾ, ತಿಳೀದೆ ಇರಾಕೆ?"

ಆದರೆ ಒಂದು ವಿಷಯ ಮುಚ್ಚಿಡುವಂತಿರಲಿಲ್ಲ. ಊರು ಬಿಡುವಾಗ ಹೇಳಿದ ಪದವನ್ನೇ ನಂಜ ಹಿಂತಿರುಗಿ ಬಂದ ಮೇಲೂ ಹಾಡುತ್ತಾನೆ, ನಿಜ. ಆದರೆ ಕಿವುಡನಾಗಿ ಹಾಡುತ್ತಾನೆ. ಶ್ರುತಿ ತಪ್ಪಬೇಕು. ಹೇಳಿದೆ.

ಆಚಾರಿ ತೊಟ್ಟಿಲ ಕಾಲಿನ ಮೇಲಿನ ಪುಡಿ ಊದಿದರು. "ಅಂದ್ರೆ, ಆ ಪದ ನಂಗೂ ಕೊಡ್ತೀನಿ, ಆದ್ರೆ ಕೆಡ್ಸಿ ಹೇಳು ಅಂತೀರಿ."

"ಹೌದು."

"ಒಳ್ಳೆ ಮೇಡಂ ಸಿಕ್ಕುದ್ರಿ ಕಣ್ರೀ ನೀವು!" ಎಂದು ನಗಲು ಶುರುಮಾಡಿದವರು ಕಾಫಿ ಆರುವವರೆಗೂ ನಿಲ್ಲಿಸಲಿಲ್ಲ.

ಗೌಡರು ಅರ್ಧ ನಂಜನನ್ನು ಬಿಟ್ಟುಕೊಡುತ್ತಾರೆಯೇ ಎಂಬ ಹೆದರಿಕೆ ಬಸ್ಸಿನುದ್ದಕ್ಕೂ ಇತ್ತು. ಬಸ್ಸಿನಲ್ಲಿ ಅವರನ್ನು ಒಪ್ಪಿಸುವ ಕಾರಣಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. ಒಂದೂ ಬೇಕಾಗಲಿಲ್ಲ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ.

"ಅವ್ನು ಬತ್ತಾನಂತಾ?"

"ಬರ್ತಾರೆ."

"ಅಂಗಾದ್ರೆ ಅರ್ಧ ಯಾಕೆ ಮೇಡಂ, ಮುಕ್ಕಾಲು ಕೊಟ್ಬುಡಿ."

ಗುರುವಾರ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಇಬ್ಬರೂ ಏನೂ ಆಗದವರಂತೆ ಇಳಿದರು. ಮೇಷ್ಟ್ರು ಪೆಟ್ಟಿಗೆಯ ಹಿಂದಿನಿಂದ, "ಬಂದ್ರಾ ಗಂಡ ಹೆಂಡ್ರು?" ಅಂದರು. ಅಲ್ಲಿಗೆ ರಾಜಿ ಮುಗಿಯಿತು.

ಕೆಲಸ ಎರಡರಷ್ಟಾಯಿತು. ಇಬ್ಬರೂ ಇಬ್ಬರ ಮಾತನ್ನೂ ಕಲಿಯಬೇಕು. ಜವರ ಹೆಗಲು ಒಂದು ಕಡೆ ಇಳಿಸಿ ನಡೆಯುವುದನ್ನು ಆಚಾರಿ ಗೌಡರಿಗೆ ಕಲಿಸಿದರು, ನಂಜ ಕೂರುವ ಮುಂಚೆ ಟವೆಲ್ಲು ಕೊಡವುವುದನ್ನು ಗೌಡರು ಆಚಾರಿಗೆ ಕಲಿಸಿದರು. ಟವೆಲ್ಲು ಒಬ್ಬರಿಂದ ಒಬ್ಬರಿಗೆ ದಾಟುವುದು ಹೇಗೆಂಬುದೇ ದೊಡ್ಡ ತಲೆನೋವು. ಕೈಯಿಂದ ಕೈಗೆ ಕೊಟ್ಟರೆ ಸನ್ಮಾನದಂತೆ ಕಂಡಿತು. ಪರದೆಯ ಹಿಂದೆ ಬದಲಿಸಿದರೆ ಮೋಸದಂತೆ ಕಂಡಿತು. ನಾಲ್ಕೈದು ಬಗೆ ನೋಡಿದ ಮೇಲೆ ಹೀಗೆ ನಿಂತಿತು: ಯುದ್ಧಕ್ಕೆ ಹೊರಟ ನಂಜ ಟವೆಲ್ಲನ್ನು ಹೊಳೆಯ ಮೆಟ್ಟಿಲ ಮೇಲೆ ಬಿಟ್ಟು ಹೋಗುತ್ತಾನೆ. ಜವರ ಒಬ್ಬನೇ ಉಳಿಯುತ್ತಾನೆ. ಅದರ ಸುತ್ತ ಒಂದು ಸುತ್ತು ಬಂದು, ಎತ್ತಿ, ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ವರ್ಷಗಳು ಕಳೆದು, ಅವನೇ ಹಿಂತಿರುಗಿದ ನಂಜನಾಗಿರುತ್ತಾನೆ.

ಶ್ರುತಿ ತಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಆಚಾರಿ ಎಷ್ಟು ಪ್ರಯತ್ನಪಟ್ಟರೂ ಸ್ವರ ಹೋಗಿ ಸರಿಯಾದ ಜಾಗದಲ್ಲೇ ಕೂರುತ್ತಿತ್ತು. ಮೇಷ್ಟ್ರು ಹಣೆ ಚಚ್ಚಿಕೊಂಡರು.

"ಆಯಸ್ಸೆಲ್ಲಾ ಶ್ರುತಿ ಸೇರ್ಸಾದು ಕಲಿಸ್ದೆ. ಈಗ ಬುಡ್ಸಾದು ಕಲಿಸ್ಬೇಕಾ ಶಿವನೇ!"

ಕಿವಿಗೆ ಹತ್ತಿ ಇಟ್ಟು ನೋಡಿದೆವು, ಆಗಲಿಲ್ಲ. ಗೌಡರು ಪಕ್ಕದಲ್ಲಿ ನಿಂತು ಬೇರೆ ಪದ ಗುನುಗಿದರು, ಆಚಾರಿಗೆ ನಗು ಬಂದು ಪದವೇ ನಿಂತಿತು. ಕೊನೆಗೆ ಮೇಷ್ಟ್ರೇ ದಾರಿ ಕಂಡರು. ಮೊದಲೆರಡು ಸಾಲು ಸರಿಯಾಗಿಯೇ ಹೇಳು, ಮೂರನೇ ಸಾಲಿನಿಂದ ಒಂದೇ ಒಂದು ಮನೆ, ಅಂದರೆ ಒಂದು ಸ್ವರ, ಕೆಳಗಿಳಿ, ಆದರೆ ದನಿ ಏರಿಸು. ನಾನು ಮಾತ್ರ ಪೆಟ್ಟಿಗೆಯನ್ನು ಸರಿಯಾದ ಮನೆಯಲ್ಲೇ ನುಡಿಸುತ್ತಿರುತ್ತೇನೆ, ಅಂದರು. ಹಾಗೆ ಹಾಡಿದ ದಿನ ಆಲೆಮನೆಯಲ್ಲಿ ಒಲೆ ಕಟ್ಟುತ್ತಿದ್ದ ಗಾರೆಯವರು ಕರಣೆ ಹಿಡಿದು ನಿಂತುಬಿಟ್ಟರು. ಪೆಟ್ಟಿಗೆ ಒಂದು ಕಡೆ, ಮನುಷ್ಯ ಒಂದು ಕಡೆ.

ಒನ್ಸ್ ಮೋರ್ ವಿಷಯದಲ್ಲೂ ನಾನು ಸೋತೆ, ಸಂತೋಷದಿಂದ ಸೋತೆ. ಜನ ಕೂಗಿದರೆ ಒಂದು ಸಲ ಕೊಡೋಣ ಅಂದೆ. ಆದರೆ ಜವರ ಎರಡನೇ ಸಲ ಅದೇ ಸುಳ್ಳು ಹೇಳುವಾಗ ದನಿ ಇಳಿಯಬೇಕು, ಕಣ್ಣು ನಂಜನ ಮೇಲಿರಬೇಕು. ಎರಡು ಸಲ ಹೇಳಿಸಿಕೊಂಡ ಸುಳ್ಳಿನ ತೂಕ ಅಂದು ಡೇರಿಯ ಅಂಗಳದಲ್ಲಿ ಆಚಾರಿಯ ಮುಖದಲ್ಲಿ ಕಂಡಿತ್ತು.

ಉಳಿದದ್ದು ಮೀಸೆ. ಹದಿನಾರರ ಹುಡುಗರಿಗೆ ಅಂಥ ಮೀಸೆ ಇರುವುದಿಲ್ಲ ಎಂದು ಮೊದಲ ದಿನದಿಂದ ಹೇಳುತ್ತಿದ್ದೆ. ಅವನು ತೆಗೆಸಿದರೆ ನಾನು ತೆಗೆಸುತ್ತೇನೆ ಎಂದು ಇಬ್ಬರೂ ಹೇಳುತ್ತಿದ್ದರು. ನಾಟಕದ ದಿನ ಬೆಳಗ್ಗೆ ಪಾಂಡವಪುರದ ಕಟಿಂಗ್ ಶಾಪಿಗೆ ನಾನೇ ಇಬ್ಬರನ್ನೂ ಕರೆದೊಯ್ದೆ. ಮೊದಲು ಯಾರು ಕೂರುವುದೆಂದು ಜಗಳ. ಒಬ್ಬ ತೆಗೆಸಿದ ಮೇಲೆ ಇನ್ನೊಬ್ಬ ಓಡಿಹೋದರೆ? ಕೊನೆಗೆ ಅಂಗಡಿಯವನು ಗೌಡರ ಬಲಗಡೆಯ ಅರ್ಧ ಮೀಸೆ ತೆಗೆದು, ಆಚಾರಿಯ ಬಲಗಡೆಯ ಅರ್ಧ ತೆಗೆದು, ಮತ್ತೆ ಗೌಡರ ಎಡಗಡೆಗೆ ಬಂದ. ಕನ್ನಡಿಯಲ್ಲಿ ಅರ್ಧರ್ಧ ಮೀಸೆಯ ಇಬ್ಬರು ರಾಜರು ಒಬ್ಬರನ್ನೊಬ್ಬರು ಕಾವಲು ಕಾಯುತ್ತಾ ಕೂತಿದ್ದರು.

"ಲೇ, ನಿನ್ ತುಟಿ ಇಷ್ಟ್ ದಪ್ಪ ಐತೇನ್ಲಾ?" ಅಂದರು ಗೌಡರು.

"ನಿನ್ ಹೆಂಡ್ರು ಮನೆ ಒಳೀಕೆ ಸೇರ್ಸಿದ್ರೆ ಕೇಳು" ಅಂದರು ಆಚಾರಿ.

ಸಂಜೆ ಆರಕ್ಕೆ ಮೈದಾನ ತುಂಬಿತ್ತು. ಗೌಡರ ಕಡೆಯವರು ಎಡಗಡೆ, ನಾಗಮಂಗಲದಿಂದ ಟೆಂಪೋದಲ್ಲಿ ಬಂದ ಆಚಾರಿಯ ಕಡೆಯವರು ಬಲಗಡೆ. ಎರಡೂ ಕಡೆಯವರ ಮಡಿಲಲ್ಲಿ ಹಾರಗಳು. ಆಚಾರಿಯ ತಾಯಿ ಮುಂದಿನ ಸಾಲಿನಲ್ಲೇ ಕೂತು, ಹೂವು ಬಾಡದಿರಲೆಂದು ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದರು. ಮೈಕಿನಲ್ಲಿ ನಾನು ಕೈಮುಗಿದು ಕೇಳಿಕೊಂಡೆ: ನಂಜ ಯುದ್ಧಕ್ಕೆ ಹೊರಡುವಾಗ ಯಾರು ಬೇಕಾದರೂ ಬಂದು ಹಾರ ಹಾಕಿ ಬೀಳ್ಕೊಡಿ, ಆಮೇಲೆ ಮಾತ್ರ ದಯವಿಟ್ಟು ಯಾರೂ ಹತ್ತಬೇಡಿ.

ಗೌಡರ ನಂಜ ಬಂದ. ಮೀಸೆಯಿಲ್ಲದ ಮುಖ ಕಂಡು ಎಡಗಡೆ ಒಂದು ದೊಡ್ಡ ನಗು ಎದ್ದಿತು, ಆಮೇಲೆ ಅದೇ ಮುಖಕ್ಕೆ ಜನ ಮರುಳಾದರು. ಜವರ ಸುಳ್ಳು ಹೇಳಿದ, ನಂಜ ಹಾಡಿದ, ಹಾರಗಳು ಬಿದ್ದವು, ಒನ್ಸ್ ಮೋರ್ ಕೂಗು ಎದ್ದಿತು. ಮೇಷ್ಟ್ರು ಈ ಸಲ ನನ್ನತ್ತ ನೋಡಿದರು. ನಾನು ಹೂಂ ಅಂದೆ. ಆಚಾರಿ ಗೆಳೆಯನ ಕಣ್ಣನ್ನೇ ನೋಡುತ್ತಾ, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಹದಿನೆಂಟು ತುಂಬೈತೆ ಸ್ವಾಮಿ" ಅಂದರು. ಮೂರನೇ ಸಲಕ್ಕೆ ಯಾರೂ ಕೂಗಲಿಲ್ಲ.

ಟವೆಲ್ಲು ಮೆಟ್ಟಿಲ ಮೇಲೆ ಉಳಿಯಿತು. ಆಚಾರಿ ಎತ್ತಿ ಹೆಗಲಿಗೆ ಹಾಕಿಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬಾತ ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿತು: "ಈಗ ಇವ್ನು ಎರಡ್ನೇ ನಂಜ ಕಣ್ಲಾ." ವಿವರಿಸಬೇಕಾದ್ದು ಇನ್ನೇನೂ ಇರಲಿಲ್ಲ.

ಕಿವುಡ ನಂಜ ಹಾಡತೊಡಗಿದ. ಮೂರನೇ ಸಾಲಿಗೆ ಸ್ವರ ಜಾರಿದಾಗ ಎರಡೂ ಕಡೆಯಿಂದ ನಗು ಬಂತು. ಪೆಟ್ಟಿಗೆ ಅಲುಗಾಡದೆ ಸರಿಯಾದ ಮನೆಯಲ್ಲೇ ಕಾಯುತ್ತಿತ್ತು. ನಗು ಒಂದೊಂದಾಗಿ ಆರಿತು. ತನ್ನ ಜೀವಮಾನದ ಆಸೆಯ ಪದವನ್ನು ಆಚಾರಿ ಮುಖದ ತುಂಬ ನಗು ತುಂಬಿಕೊಂಡು, ದೊಡ್ಡ ದನಿಯಲ್ಲಿ, ಪೂರ್ತಿ ಕೆಡಿಸಿ ಹಾಡಿದರು. ಅಷ್ಟು ಚೆನ್ನಾಗಿ ಕೆಟ್ಟದ್ದನ್ನು ನಾನು ಕೇಳಿಲ್ಲ.

ಆಮೇಲೆ ಮೆಟ್ಟಿಲ ದೃಶ್ಯ. ನಂಜ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಾನೆ. ಹಿಂದೆ ಜವರನಾದ ಗೌಡರು ನಿಂತು ನಿಜ ಹೇಳಬೇಕು. ನಾನು ಬರೆದ ಮಾತುಗಳ ನಡುವೆ ಅವರು ಒಂದು ಮಾತು ಸೇರಿಸಿದರು. ನಾಗಮಂಗಲದ ಕೊಟ್ಟಿಗೆಯ ಮಾತು. ಅದನ್ನು ಆಚಾರಿ ಯಾವಾಗ ಅವರಿಗೆ ಹೇಳಿದರೋ ತಿಳಿಯದು.

"ನಿನ್ ಮ್ಯಾಲೆ ಕ್ವಾಪ ಇರ್ನಿಲ್ಲ ಕಣ್ಲಾ ನಂಜ. ಒಂದೇ ಒಂದ್ಸತಿ ನಾನೂ ನೀನಾಗ್ಬೇಕು ಅನ್ನುಸ್ತು. ಅದ್ಕೇ ಸುಳ್ಳು ಹೇಳ್ಬುಟ್ಟೆ."

ನಂಜ ತಿರುಗಲಿಲ್ಲ. ಹೊಳೆಗೆ ಕಲ್ಲೆಸೆಯುತ್ತಿದ್ದ. ಗೌಡರು ಕೈ ಚೆಲ್ಲಿ ನಿಂತಿದ್ದರು. ದೀಪ ಇಳಿಯಬೇಕಾದ ಹೊತ್ತು. ಆಗ ಮುಂದಿನ ಸಾಲಿನಿಂದ ಆಚಾರಿಯ ತಾಯಿ ಎದ್ದರು. ಸೆರಗು ಸಿಕ್ಕಿಸಿಕೊಂಡು ಬದಿಯ ಮೆಟ್ಟಿಲು ಹತ್ತತೊಡಗಿದರು. ಪರದೆಯ ಸಂದಿನಿಂದ ನಾನು ಕೈಬೀಸಿದೆ, ಬೇಡ ಅಮ್ಮ, ಬೇಡ. ಅವರು ನೇರ ಮಗನ ಕಡೆ ಹೋಗುತ್ತಾರೆ, ನಾಟಕ ಅಲ್ಲಿಗೆ ಒಡೆಯುತ್ತದೆ ಎಂದುಕೊಂಡೆ. ಅವರು ಮಗನನ್ನು ದಾಟಿದರು. ಒದ್ದೆ ಬಟ್ಟೆ ಬಿಚ್ಚಿ ಹಾರವನ್ನು ಜವರನ ಕೊರಳಿಗೆ ಹಾಕಿದರು.

"ತಕ್ಕೊ ಮಗ" ಅಂದರು, ಮೈಕಿಲ್ಲದೆಯೇ ಮೈದಾನಕ್ಕೆ ಕೇಳುವಂತೆ. "ಅವ್ನಿಗೆ ಕೇಳ್ನಿಲ್ಲ, ನಮಗೆ ಕೇಳ್ತು."

ಬಂದಷ್ಟೇ ನಿಧಾನವಾಗಿ ಇಳಿದುಹೋದರು. ಗೌಡರ ಕಣ್ಣಿಂದ ನೀರು ಧಾರೆಯಾಗಿತ್ತು. ಆಚಾರಿ ಕಿವುಡನಾಗಿಯೇ ಕೂತಿದ್ದರು, ಅವ್ವನ ದನಿಗೂ ಹೆಗಲು ಅಲುಗಲಿಲ್ಲ. ಕೈಯಲ್ಲಿದ್ದ ಕಲ್ಲು ಎಸೆದು ಮುಗಿಸಿ, ಏಳುತ್ತಾ ತಿರುಗಿದರು. ಗೆಳೆಯನ ಕೊರಳ ಹಾರ ಕಂಡಿತು. ಕಿವುಡರ ಗಟ್ಟಿ ದನಿಯಲ್ಲಿ ಕೇಳಿದರು:

"ಏನ್ಲಾ ಜವರ, ಮದ್ವೆಯೇನ್ಲಾ ನಿಂಗೆ?"

ಮೈದಾನ ಅಳುತ್ತಾ ನಕ್ಕಿತು. ದೀಪ ಇಳಿಸಬೇಕಾದವನು ತಾನೂ ನಗುತ್ತಾ ಮರೆತುಬಿಟ್ಟಿದ್ದ. ಬೆಳಕಿನಲ್ಲೇ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ನಡೆದರು.

ವಾಪಸು ಬರುವಾಗ ಎಲ್ಲರೂ ನಾಗಮಂಗಲದವರ ಟೆಂಪೋ ಹತ್ತಿದೆವು. ಬಳಗದವರು ಮುಂದಿನ ಆಟಕ್ಕೆ ನಾಗಮಂಗಲದಲ್ಲೇ ಜಾಗ ಗೊತ್ತುಮಾಡಿದ್ದರು. ಗೌಡರು ಹಾರ ತೆಗೆದಿರಲಿಲ್ಲ.

"ಅದು ನಮ್ಮವ್ವನ ಹಾರ. ಕೊಡ್ಲಾ ಇತ್ಲಾಗೆ" ಅಂದರು ಆಚಾರಿ.

"ನಿಮ್ಮವ್ವನೇ ಹಾಕಿರಾದು. ನಿಂಗ್ಯಾಕ್ಲಾ ಉರಿ?"

"ನೋಡ್ಲಾ, ನಾಗಮಂಗಲದಾಗೆ ಕಡೇ ಸೀನಿನ ಜವರ ನಾನೇಯ. ನಮ್ಮೂರು ಅದು."

"ಆಗಾಕಿಲ್ಲ. ಆ ಮಾತು ನಂಗೆ ಕೂತೈತೆ. ಎರಡ್ನೇ ಜವರ ಯಾವತ್ತೂ ನಾನೇಯ. ಬೇಕಾದ್ರೆ ನೀನು ಪೂರ್ತಿ ನಂಜ ತಕ್ಕೊ."

"ಯಾರಿಗ್ಲಾ ಬೇಕು ನಂಜ?"

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಮೇಷ್ಟ್ರು ಕಣ್ಣು ತೆರೆದರು. "ಅಂಗಾರೆ ನಂಜನ್ನ ಯಾರ್ರಲಾ ಮಾಡಾದು?"

ಗೌಡರು ಎಡಗಡೆಯ ಕಿಟಕಿಯಿಂದ ಹೊರಗೆ ನೋಡಿದರು, ಆಚಾರಿ ಬಲಗಡೆಯದರಿಂದ. ಕೆಂಪು ಟವೆಲ್ಲು ಇಬ್ಬರ ನಡುವೆ ಸೀಟಿನ ಮೇಲೆ ಬಿದ್ದಿತ್ತು.